“ರಾಗಿ ಬೆಳೆಯೋ ಊರಿಗೆ ಪ್ಲಾನಿಂಗ್ ಯಾಕೆ ಸ್ವಾಮಿ?”

ಮಾಗಡಿ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ಅಪ್ಪನಿಂದ ಬಂದ ಜಮೀನಿನಲ್ಲಿ ಹತ್ತು ಗುಂಟೆಯನ್ನು ಸೈಟು ಮಾಡಿ ಸಾಲ ತೀರಿಸೋಣ ಅಂತ ಹೊರಟರು. ‘ಇದು ಯೋಜನಾ ಪ್ರದೇಶ, ಪ್ರಾಧಿಕಾರದ ಅನುಮೋದನೆ ತನ್ನಿ’ ಎಂದು ಪಂಚಾಯ್ತಿಯಿಂದ ವಾಪಸ್ ಕಳಿಸಿದರು. “ರಾಗಿ ಬೆಳೆಯೋ ಊರಿಗೆ ಪ್ಲಾನಿಂಗ್ ಯಾಕೆ ಸ್ವಾಮಿ? ನಮಗೂ ನೆಲಮಂಗಲಕ್ಕೂ ಕನಕಪುರಕ್ಕೂ ಏನು ಸಂಬಂಧ?” ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಇನ್ನರ್ಧ ನಾನು ಒಪ್ಪುವುದಿಲ್ಲ.

ಮೊದಲು ಸಂಬಂಧದ ವಿಷಯ. ನೆಲಮಂಗಲ ಕಡೆಯ ಶಿವಗಂಗೆ ಬೆಟ್ಟದಲ್ಲಿ ಬಿದ್ದ ಮಳೆ ಕುಮುದ್ವತಿಯಾಗಿ ಇಳಿಯುತ್ತದೆ. ನಂದಿ ಬೆಟ್ಟದ ಮಳೆ ದೊಡ್ಡಬಳ್ಳಾಪುರದ ಕಡೆಯಿಂದ ಅರ್ಕಾವತಿಯಾಗಿ ಬರುತ್ತದೆ. ಎರಡೂ ಕೂಡುವುದು ನಿಮ್ಮದೇ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ. ಅಲ್ಲಿಂದ ಮುಂದೆ ಅದೇ ನೀರು ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಮೇಲಿನ ಊರಿನವರು ಚರಂಡಿ ಬಿಟ್ಟರೆ ಕೆಳಗಿನ ಊರಿನವರು ಮೂಗು ಮುಚ್ಚಿಕೊಳ್ಳಬೇಕು. ಬೆಂಗಳೂರಿನ ಕೊಳೆ ಹೊತ್ತು ಬರುವ ವೃಷಭಾವತಿ ಬೈರಮಂಗಲ ಕೆರೆಯನ್ನು ಏನು ಮಾಡಿಟ್ಟಿದೆ ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ? ಒಂದು ಪಂಚಾಯ್ತಿ ಒಂಟಿಯಾಗಿ ನಿಂತು ಇದನ್ನು ತಡೆಯುವುದಕ್ಕೆ ಆಗುವುದಿಲ್ಲ. ಅದಕ್ಕೇ ಊರುಗಳನ್ನು ಸೇರಿಸಿ ಯೋಚಿಸಬೇಕು ಅನ್ನುವುದು. ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ (ಬಿಎಂಆರ್‌ಡಿಎ) ಹುಟ್ಟಿದ್ದೂ ಈ ಲೆಕ್ಕದಲ್ಲೇ. ಅದರ ಕಾಯ್ದೆ 1985ರದ್ದು, ವ್ಯಾಪ್ತಿ ಸುಮಾರು 8,005 ಚದರ ಕಿಲೋಮೀಟರ್. ಮಾಗಡಿ, ನೆಲಮಂಗಲ, ಕನಕಪುರ, ಆನೇಕಲ್, ಹೊಸಕೋಟೆ ಯೋಜನಾ ಪ್ರಾಧಿಕಾರಗಳೆಲ್ಲ ಅದರೊಳಗೆ ಬರುತ್ತವೆ.

ಇನ್ನು ನಿಮ್ಮ ಅರ್ಧ ನ್ಯಾಯ. ಈ ಪ್ರಾಧಿಕಾರಗಳ ಹೆಸರು ಊರಿನಲ್ಲಿ ಕೇಳಿಬರುವುದು ಯಾವಾಗ? ಲೇಔಟ್ ಅನುಮೋದನೆ ಬೇಕಾದಾಗ ಮಾತ್ರ. ನದಿ ವಿಷಯಕ್ಕೆ ಯಾರೂ ಅವರ ಬಾಗಿಲು ತಟ್ಟುವುದಿಲ್ಲ. ಯಾವ ಜಾಗ ಯಾವುದಕ್ಕೆ ಅಂತ ಅವರು ಬರೆಯುವ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಹಳದಿ ಬಣ್ಣ ಅಂದರೆ ವಸತಿ, ಹಸಿರು ಅಂದರೆ ಸಾಮಾನ್ಯವಾಗಿ ಬಡಾವಣೆ ಮಾಡುವಂತಿಲ್ಲ. ಜನ ಕೇಳುವುದು ಒಂದೇ ಪ್ರಶ್ನೆ: “ನಮ್ಮದು ಯೆಲ್ಲೋ ಝೋನಾ?” ಪಟ್ಟಣಗಳ ನಡುವಿನ ಹಳ್ಳಿ ನಕ್ಷೆಯಲ್ಲಿ ಇನ್ನೂ ಬಣ್ಣ ತುಂಬದ ಜಾಗದ ಹಾಗೆ ಕಾಣುತ್ತದೆ.

ಒಮ್ಮೆ ನಮ್ಮ ಸೋದರಮಾವನ ಜೊತೆ ಇಂಥದ್ದೊಂದು ನಕ್ಷೆ ನೋಡಲು ಹೋಗಿದ್ದೆ. ಯಾವ ಕಚೇರಿ ಅಂತ ಬೇಡ. ಗೋಡೆ ತುಂಬ ನಕ್ಷೆ, ನಮ್ಮ ಊರು ರಾಗಿ ಕಾಳಿನಷ್ಟು. ಮಾವ ಕನ್ನಡಕ ಹಣೆಗೇರಿಸಿ, ಬೆರಳಿಟ್ಟು, ಸರ್ವೆ ನಂಬರ್ ಹುಡುಕಿದರು. ಸಿಕ್ಕಿತು. ಕೆರೆ ಕೋಡಿಯಿಂದ ಹೊರಡುವ ಕಾಲುವೆ ಕೂದಲೆಳೆಯಷ್ಟು ನೀಲಿ ಗೆರೆ. ಅದರ ಮೇಲೇ ದಪ್ಪನೆ ರಸ್ತೆ ಗೆರೆ! “ಇವ್ರು ಮಳೆಗಾಲದಲ್ಲಿ ಒಂದ್ಸಲಾನೂ ಬಂದಿಲ್ಲ ಕಣೋ” ಅಂದರು. ಅಲ್ಲೇ ಒಂದು ಬಿಳಿ ಹಾಳೆಯಲ್ಲಿ ಆಕ್ಷೇಪಣೆ ಬರೆದು ಕೊಟ್ಟು, ಸೀಲು ಹಾಕಿಸಿಕೊಂಡ ಪ್ರತಿಯನ್ನು ಜೇಬಿಗಿಟ್ಟುಕೊಂಡರು. ಆ ದಿನ ನಮ್ಮಿಬ್ಬರನ್ನು ಬಿಟ್ಟು ನಕ್ಷೆ ನೋಡಲು ಬಂದಿದ್ದವರೆಲ್ಲ ಬ್ರೋಕರ್‌ಗಳೇ.

ನಾನು ಹೇಳುವುದು ಇದನ್ನೇ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ನಿಮಗೂ ಜಾಗ ಇದೆ. ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಹಾಕಲು 60 ದಿನ ಕಾಲಾವಕಾಶ. ಹತ್ತು ವರ್ಷಕ್ಕೊಮ್ಮೆಯಾದರೂ ಪ್ಲಾನ್ ಪರಿಷ್ಕರಿಸಬೇಕು. ಗ್ರಾಮಸಭೆಯಲ್ಲಿ ಬೀದಿದೀಪ, ಬೋರ್‌ವೆಲ್ ಜೊತೆಗೆ ಈ ನಕ್ಷೆಯನ್ನೂ ಒಮ್ಮೆ ಹರವಿ. ಗುಂಡುತೋಪು, ಗೋಮಾಳ, ರಾಜಕಾಲುವೆ ಸರಿಯಾಗಿ ಬಂದಿವೆಯಾ ಅಂತ ಊರಿನ ಹಿರಿಯರ ಕೈಲಿ ನೋಡಿಸಿ. ಒಬ್ಬರ ಅರ್ಜಿಗಿಂತ ಪಂಚಾಯ್ತಿಯ ನಿರ್ಣಯಕ್ಕೆ ತೂಕ ಜಾಸ್ತಿ.

ಇನ್ನು ಹತ್ತು ಗುಂಟೆ ವಿಷಯ. ಪಂಚಾಯ್ತಿಯವರು ಹೇಳಿದ್ದು ಸರಿ. ಭೂಪರಿವರ್ತನೆ ಆಗಬೇಕು, ಬಡಾವಣೆ ನಕ್ಷೆಗೆ ಪ್ರಾಧಿಕಾರದ ಒಪ್ಪಿಗೆ ಬೇಕು, ಆಮೇಲೆ ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ಖಾತೆ. ಅಲೆದಾಟ ಇದೆ, ಸುಳ್ಳು ಹೇಳಲಾರೆ. ಆದರೆ ಸುಮ್ನೆ ಬಾಂಡ್ ಪೇಪರ್ ಮೇಲೆ ಸೈಟು ಬರೆದುಕೊಡುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಕೊಳ್ಳುವವರು ದೂರದವರೇನಲ್ಲ, ಅಕ್ಕಪಕ್ಕದ ಊರಿನವರೇ. ಖಾತೆ ಆಗಲಿಲ್ಲ ಅಂತ ದಿನಾ ಬೆಳಿಗ್ಗೆ ನಿಮ್ಮ ಮನೆ ಜಗಲಿ ಮೇಲೆ ಬಂದು ಕೂರುತ್ತಾರೆ.