ಹೊಳಪು ನೋಡಿ ಮರುಳಾಗಬೇಡಿ

ಪ್ರಶ್ನೆ: ಒಬ್ಬರು ಬಳಸಿದ ಐಷಾರಾಮಿ ವಾಚು ಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲವೇ?

ಉತ್ತರ: ಯಾವ ವಾಚು ಅನ್ನುವುದರ ಮೇಲಿದೆ. ಬಹುತೇಕ ಬ್ರಾಂಡುಗಳ ಬೆಲೆ ಅಂಗಡಿಯ ಹೊಸ್ತಿಲು ದಾಟುತ್ತಲೇ ಇಳಿಯುತ್ತದೆ. ಆ ನಷ್ಟ ಮೊದಲ ಮಾಲೀಕನದು, ಲಾಭ ನಿಮ್ಮದು. ರೋಲೆಕ್ಸ್ ಡೇಟೋನಾದ ಸ್ಟೀಲ್ ಮಾದರಿಯಂಥವು ಮಾತ್ರ ಉಲ್ಟಾ, ಹೊಸದಕ್ಕಿಂತ ಬಳಸಿದ್ದೇ ದುಬಾರಿ!

ನಾನು ಕೊಂಡ ಹಳೆಯ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಕೂಡ ಇರುವ ವಾಚು) ಫಳಫಳ ಹೊಳೆಯುತ್ತಿತ್ತು. ಆ ಹೊಳಪೇ ರೋಗ. ಪಾಲಿಶ್ ಹೊಡೆದು ಹೊಡೆದು ಕೇಸಿನ, ಅಂದರೆ ಲೋಹದ ಹೊರಕವಚದ, ಅಂಚುಗಳೆಲ್ಲ ಸವೆದಿದ್ದವು. ಆರು ತಿಂಗಳಲ್ಲಿ ದಿನಕ್ಕೆ 2 ನಿಮಿಷ ಹಿಂದೆ ಬೀಳತೊಡಗಿತು. ಬಿಚ್ಚಿಸಿದರೆ ಒಳಗಿನ ಎಣ್ಣೆ ಒಣಗಿಹೋಗಿತ್ತು. ಕ್ರೋನೋಗ್ರಾಫಿನ ಸರ್ವಿಸ್ ಸಾದಾ ವಾಚಿನದಕ್ಕಿಂತ ಭಾರ (ಹೆಂಡತಿಗೆ ಬಿಲ್ ಇನ್ನೂ ತೋರಿಸಿಲ್ಲ). ಸರ್ವಿಸ್ ದಾಖಲೆ ಕೇಳಿ. ಇಲ್ಲವೆಂದರೆ ಆ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ. ಗೀರು ಇದ್ದರೆ ಇರಲಿ, ಅಂಚು ಚೂಪಾಗಿರಲಿ.