ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಮಟ್ಟ ಇದ್ದರೆ ಪಿಕಲ್‌ಬಾಲ್ ಕಲಿಸೋದು ಹೇಗೆ?

ಎಂಟು ಜನ ಇದ್ದಾರೆ, ಇಬ್ಬರು ಇವತ್ತೇ ಪ್ಯಾಡಲ್ (ಪಿಕಲ್‌ಬಾಲ್ ಬ್ಯಾಟ್) ಹಿಡಿದವರು, ಇಬ್ಬರು ಹಳೇ ಟೆನಿಸ್ ಆಟಗಾರರು, ಉಳಿದವರು ವರ್ಷದಿಂದ ಆಡುತ್ತಿರುವವರು, ಎಲ್ಲರಿಗೂ ಒಟ್ಟಿಗೆ ಕಲಿಸೋದು ಹೇಗೆ ಅಂತ ಕೇಳಿದ್ದೀರಿ. ನನ್ನ ಮಾತು ಕೇಳಿದರೆ, ಗುಂಪು ಒಡೆಯಬೇಡಿ. ಅಭ್ಯಾಸ ಒಂದೇ ಇರಲಿ, ಒಬ್ಬೊಬ್ಬರಿಗೆ ಕೊಡುವ ಕೆಲಸ ಬೇರೆ ಇರಲಿ.

ಮೊದಮೊದಲು ನಾನು ಹೊಸಬರನ್ನು ಹಿಂದಿನ ಗೆರೆಯಲ್ಲಿ ನಿಲ್ಲಿಸಿ ಸರ್ವ್‌ನಿಂದ ಶುರು ಮಾಡುತ್ತಿದ್ದೆ. ಜೊತೆಗೆ ಸ್ಕೋರ್ ಪಾಠ ಬೇರೆ. ಡಬಲ್ಸ್ ಶುರುವಾಗೋದೇ ‘0-0-2’ ಅಂತ ಅಲ್ವಾ? ಆ 2 (ಜೋಡಿಯ ಎರಡನೇ ಸರ್ವರ್ ಅಂತ ಅರ್ಥ) ಎಲ್ಲಿಂದ ಬಂತು ಅಂತ ವಿವರಿಸುವಷ್ಟರಲ್ಲಿ ಹದಿನೈದು ನಿಮಿಷ ಹೋಗಿತ್ತು, ಚೆಂಡು ಒಮ್ಮೆಯೂ ನೆಟ್ ದಾಟಿರಲಿಲ್ಲ.

ಈಗ ಎಲ್ಲರನ್ನೂ ನೇರ ಕಿಚನ್ ಗೆರೆಗೆ ಕರೆಯುತ್ತೇನೆ. ಕಿಚನ್ ಅಂದರೆ ನೆಟ್‌ನಿಂದ 7 ಅಡಿ ಜಾಗ, ಅದರೊಳಗೆ ನಿಂತು ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಹೊಸಬರಿಗೆ ಆ ಹೊತ್ತಿಗೆ ಇಷ್ಟು ನಿಯಮ ಸಾಕು. ಮೂಲೆಯಿಂದ ಮೂಲೆಗೆ ಡಿಂಕ್, ಅಂದರೆ ನೆಟ್ ಮೇಲಿಂದ ಮೆಲ್ಲಗೆ ದಾಟಿಸುವ ಹೊಡೆತ, ಮಾಡಿಸುತ್ತೇನೆ. ನೆಟ್ ಬದಿಯಲ್ಲಿ 36 ಇಂಚು, ನಡುವೆ 34. ಓರೆಯಾಗಿ ಹೋಗುವ ಚೆಂಡಿಗೆ ಆ ತಗ್ಗು ಸಿಗುತ್ತದೆ, ದೂರವೂ ಜಾಸ್ತಿ ಸಿಗುತ್ತದೆ.

ಹೊಸಬರು ಸುಮ್ನೆ ನೆಟ್ ದಾಟಿಸಿದರೆ ಸಾಕು. ವರ್ಷ ಆಡಿದವರ ಚೆಂಡು ಎದುರಿನ ಕಿಚನ್ ಒಳಗೇ ಬೀಳಬೇಕು. ಹೊಸಬರ ಎದುರು ನಿಂತ ಪಳಗಿದ ಕೈಗೆ ಇನ್ನೂ ಕಷ್ಟದ ಕೆಲಸ: ಅವರ ಫೋರ್‌ಹ್ಯಾಂಡ್‌ಗೆ, ಅದೇ ಜಾಗಕ್ಕೆ, ತಪ್ಪದೆ ಹತ್ತು ಸಲ. ‘ನನಗೆ ಬೋರ್’ ಅನ್ನುವವರು ಸಾಮಾನ್ಯವಾಗಿ ಆರನೇದರಲ್ಲೇ ತಪ್ಪುತ್ತಾರೆ!

ಹಿಡಿತ ನೋಡಲು ನಾನು ಪ್ಯಾಡಲ್‌ನ ತುದಿ ಹಿಡಿದು ಮೆಲ್ಲಗೆ ಎಳೆಯುತ್ತೇನೆ. ಕೈಯಿಂದ ಜಾರಿ ಬರಬೇಕು. ಬರದಿದ್ದರೆ ಡಿಂಕ್ ಕೂಡ ಮೇಲಕ್ಕೆ ಹಾರುತ್ತದೆ.

ಟೆನಿಸ್‌ನವರ ತೊಂದರೆಯೇ ಬೇರೆ. ಕೈ ತೀರಾ ಹಿಂದಕ್ಕೆ ಹೋಗುತ್ತದೆ. ಎಷ್ಟು ಹೇಳಿದರೂ ಕೇಳಿಸದು. ಬೇಲಿಗೆ ಬೆನ್ನು ಕೊಟ್ಟು ಒಂದು ಗೇಣು ಮುಂದೆ ನಿಲ್ಲಿಸಿ ಚೆಂಡು ಎಸೆಯಿರಿ. ಪ್ಯಾಡಲ್ ಬೇಲಿಗೆ ತಾಗಿ ‘ಟಣ್’ ಅಂದಾಗ ಅವರಿಗೇ ಗೊತ್ತಾಗುತ್ತದೆ.

ಕೊನೆಯ ಇಪ್ಪತ್ತು ನಿಮಿಷ ಪಂದ್ಯ. ಪ್ರತಿ ಜೋಡಿಯಲ್ಲೂ ಒಬ್ಬ ಬಲಿಷ್ಠ, ಜೊತೆಗೆ ಒಬ್ಬ ಹೊಸಬ ಇಲ್ಲವೇ ಟೆನಿಸ್‌ನವ. ಬಲಿಷ್ಠರಿಗೆ ಸ್ಮ್ಯಾಶ್ ಇಲ್ಲ, ಮೂರನೇ ಹೊಡೆತ (ಸರ್ವ್, ಅದಕ್ಕೆ ಉತ್ತರ ಆದ ಮೇಲಿನದು) ಅವರ ಪಾಲಿಗೆ ಬಂದರೆ ಡ್ರಾಪ್ ಮಾತ್ರ, ಅಂದರೆ ಎದುರಿನ ಕಿಚನ್‌ನಲ್ಲಿ ಮೆಲ್ಲಗೆ ಬೀಳುವ ಹೊಡೆತ. ಸರ್ವ್ ಕೈಗೆ ಕೂರದ ಹೊಸಬರು ಚೆಂಡನ್ನು ಕೆಳಗೆ ಬಿಟ್ಟು, ಪುಟಿದ ಮೇಲೆ ಹೊಡೆಯಲಿ. ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ಸ್ಕೋರ್ ಕೂಗುವ ಕೆಲಸ ಮಾತ್ರ ಹಳಬರಿಗೇ ಬಿಡಿ. ಎರಡನೇ ವಾರದ ಹೊತ್ತಿಗೆ ಹೊಸಬರೇ ಬಂದು ‘ಆ 2 ಏನು?’ ಅಂತ ಕೇಳುತ್ತಾರೆ.