ಹಳೆಯ ಮಸ್ಟಾಂಗ್‌ನ ಗೇರ್‌ಬಾಕ್ಸ್: ಬಿಚ್ಚಿ ಕಟ್ಟಿಸುವುದೋ, ಬದಲಿಸುವುದೋ?

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ 1966ರ ಫೋರ್ಡ್ ಮಸ್ಟಾಂಗ್ ಇದೆ. 289 ಘನ ಅಂಗುಲದ ವಿ-8 ಎಂಜಿನ್, ಮೂರು ಗೇರಿನ ಸಿ-4 ಆಟೋಮ್ಯಾಟಿಕ್ ಗೇರ್‌ಬಾಕ್ಸ್. ತಂದೆಯವರು ತೀರಿಕೊಂಡ ಮೇಲೆ ಮೂರು ವರ್ಷ ಶೆಡ್ಡಿನಲ್ಲೇ ನಿಂತಿದ್ದ ಕಾರನ್ನು ಈಗ ಮತ್ತೆ ಓಡಿಸುತ್ತಿದ್ದೇನೆ. ಬೆಳಿಗ್ಗೆ ಚೆನ್ನಾಗಿರುತ್ತದೆ. ಇಪ್ಪತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಎಂಜಿನ್ ಒಮ್ಮೆ ಜೋರಾಗಿ ಕೂಗಿ, ಆಮೇಲೆ ಗೇರ್ ಹಿಡಿಯುತ್ತದೆ. ರಿವರ್ಸ್ ಹಾಕಿದರೆ ಎರಡು ಮೂರು ಸೆಕೆಂಡ್ ಬಿಟ್ಟು ಕಾರು ಕದಲುತ್ತದೆ. ಕೆಲವೊಮ್ಮೆ ನಿಂತಲ್ಲಿಂದ ಹೊರಡುವಾಗ ತೀರಾ ಮಂದ. ಕೆಂಪಗಿದ್ದ ಆಯಿಲ್ ಕಂದಾಗಿದೆ, ಸುಟ್ಟ ವಾಸನೆಯೂ ಇದೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಇದನ್ನು ತೆಗೆದು ಜೀಪಿನ ಗೇರ್‌ಬಾಕ್ಸ್ ಕೂರಿಸೋಣ ಎನ್ನುತ್ತಾರೆ. ಸ್ನೇಹಿತರೊಬ್ಬರು ಬೆಂಗಳೂರು ಹೆದ್ದಾರಿಗೆ ಅನುಕೂಲವಾಗುವಂತೆ ನಾಲ್ಕು ಗೇರಿನ ಆಟೋಮ್ಯಾಟಿಕ್ ಹಾಕಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಮಂಡ್ಯ

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ನಿಮ್ಮ ಸಿ-4 ಗೇರ್‌ಬಾಕ್ಸನ್ನು ಬಿಚ್ಚಿ ಕಟ್ಟಿಸಬೇಕಾಗಿರುವುದು ನಿಜ, ಏಕೆಂದರೆ ಆಯಿಲ್ ಸುಟ್ಟ ವಾಸನೆ ಬರುತ್ತಿದೆ ಎಂದರೆ ಒಳಗಿನ ಕ್ಲಚ್ ಪ್ಲೇಟುಗಳ ಇಲ್ಲವೇ ಡ್ರಮ್ಮನ್ನು ಸುತ್ತಿ ಹಿಡಿಯುವ ಬ್ಯಾಂಡ್ ಎಂಬ ಪಟ್ಟಿಯ ಮೇಲ್ಪದರ ಬೆಂದಿದೆ ಎಂದೇ ಅರ್ಥ. ಆದರೆ ಅದನ್ನು ಕಿತ್ತೆಸೆಯುವ ಕಾರಣ ನಿಮ್ಮ ಪತ್ರದಲ್ಲಿ ಎಲ್ಲಿಯೂ ಕಾಣಲಿಲ್ಲ.

ಮೊದಲು, ಹೊರಡುವಾಗಿನ ಮಂದತನ. ಇದು ದೋಷವೇ ಅಲ್ಲದಿರಬಹುದು. 1966ರ ಮಾದರಿಯ ಗೇರ್ ಲಿವರ್ ಬಳಿ ಇಂದಿನ ಕಾರುಗಳಂತೆ ‘ಡಿ’ ಅಕ್ಷರವಿಲ್ಲ; ಹಸಿರು ದೊಡ್ಡ ಚುಕ್ಕೆಯೊಂದು, ಬಿಳಿಯ ಸಣ್ಣ ಚುಕ್ಕೆಯೊಂದು ಇವೆ. ಹಸಿರು ಚುಕ್ಕೆಯಲ್ಲಿಟ್ಟರೆ ಕಾರು ಒಂದನೇ ಗೇರಿನಲ್ಲಿ ಹೊರಡುತ್ತದೆ, ಬಿಳಿಯದರಲ್ಲಿಟ್ಟರೆ ಎರಡನೇ ಗೇರಿನಲ್ಲೇ ಹೊರಡುತ್ತದೆ. ಜಾರುವ ನೆಲಕ್ಕೆಂದು ಮಾಡಿದ್ದ ಈ ಏರ್ಪಾಡನ್ನು ಫೋರ್ಡ್ 1967ರಲ್ಲಿ ಕೈಬಿಟ್ಟಿತು. ತಂದೆಯವರಿಗೆ ಇದು ಗೊತ್ತಿದ್ದಿರಬೇಕು. ಹೊಸದಾಗಿ ಓಡಿಸುವವರಿಗೆ ಲಿವರ್ ಯಾವ ಚುಕ್ಕೆಯಲ್ಲಿದೆ ಎಂಬುದೇ ಗಮನಕ್ಕೆ ಬರುವುದಿಲ್ಲ.

ಆಯಿಲ್ ಮಟ್ಟವನ್ನೂ ಸರಿಯಾದ ರೀತಿಯಲ್ಲಿ ನೋಡಿ. ಸಾಮಾನ್ಯ ಗೇರ್‌ಬಾಕ್ಸಿನಂತೆ ಎಂಜಿನ್ ನಿಲ್ಲಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ಸಮತಟ್ಟಾದ ಜಾಗದಲ್ಲಿ, ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾಗಿರುವಾಗ, ಲಿವರನ್ನು ಎಲ್ಲ ಸ್ಥಾನಗಳಲ್ಲೂ ಒಮ್ಮೆ ಆಡಿಸಿ ಪಾರ್ಕ್‌ನಲ್ಲಿಟ್ಟು, ಎಂಜಿನ್ ಓಡುತ್ತಿರುವಂತೆಯೇ ಡಿಪ್‌ಸ್ಟಿಕ್ ತೆಗೆದು ನೋಡಬೇಕು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಟಾರ್ಕ್ ಕನ್ವರ್ಟರಿನ (ಎಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಆಯಿಲ್ ಕೆಳಗಿನ ಪ್ಯಾನಿಗೆ ಇಳಿದುಬಿಡುವುದರಿಂದ, ನಿಲ್ಲಿಸಿ ನೋಡಿದವರಿಗೆ ಆಯಿಲ್ ಹೆಚ್ಚಾಗಿದೆ ಎನ್ನಿಸುತ್ತದೆ.

ಈಗ ರೋಗ ಎಲ್ಲಿದೆ ಎಂದು ನೋಡೋಣ. ಸಿ-4ರಲ್ಲಿ ಎರಡನೇ ಗೇರನ್ನು ಹಿಡಿದಿಡುವುದು ಮಧ್ಯದ ಬ್ಯಾಂಡ್. ರಿವರ್ಸ್ ಗೇರಿಗೆ ಹಿಂಬದಿಯ ಬ್ಯಾಂಡ್ ಮತ್ತು ರಿವರ್ಸ್-ಹೈ ಕ್ಲಚ್ ಎರಡೂ ಬೇಕು. ಅದೇ ಕ್ಲಚ್ ಮೂರನೇ ಗೇರಿಗೂ ಬೇಕು, ಅದೇ ಬ್ಯಾಂಡ್ ಲಿವರಿನ ‘ಎಲ್’ (ಲೋ) ಸ್ಥಾನದ ಒಂದನೇ ಗೇರಿಗೂ ಬೇಕು. ಹಾಗಾಗಿ ಬ್ರೇಕ್ ಸರಿಯಾಗಿದೆ ಎಂದು ಖಚಿತಪಡಿಸಿಕೊಂಡು ಸಣ್ಣದೊಂದು ಇಳಿಜಾರಿನಲ್ಲಿ ‘ಎಲ್’ಗೆ ಹಾಕಿ ನಿಧಾನವಾಗಿ ಇಳಿಯಿರಿ, ಈ ಸ್ಥಿತಿಯಲ್ಲಿರುವ ಕಾರನ್ನು ಚಾಮುಂಡಿ ಬೆಟ್ಟಕ್ಕೆ ಮಾತ್ರ ಒಯ್ಯಬೇಡಿ. ಎಂಜಿನ್ ಕಾರನ್ನು ತಡೆದು ಹಿಡಿದರೆ ಹಿಂಬದಿಯ ಬ್ಯಾಂಡ್ ಕೆಲಸ ಮಾಡುತ್ತಿದೆ, ತಪ್ಪು ರಿವರ್ಸ್-ಹೈ ಕ್ಲಚ್ಚಿನಲ್ಲಿದೆ ಎಂದು ತಿಳಿಯಬಹುದು. ಕಾರು ತಡೆಯಿಲ್ಲದೆ ಜಾರಿದರೆ ಅನುಮಾನ ಬ್ಯಾಂಡಿನ ಕಡೆಗೆ ತಿರುಗುತ್ತದೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಜಾರು ಎಂಬ ನಿಮ್ಮ ವಿವರಣೆಯನ್ನು ಓದಿದರೆ, ಗೇರ್‌ಬಾಕ್ಸಿನೊಳಗೆ ಕ್ಲಚ್, ಬ್ಯಾಂಡುಗಳನ್ನು ಒತ್ತುವ ಪಿಸ್ಟನ್‌ಗಳ, ವಯಸ್ಸಾಗಿ ಗಟ್ಟಿಯಾದ ಸೀಲುಗಳಿಂದ, ಬಿಸಿಗೆ ತೆಳುವಾದ ಆಯಿಲ್ ಸೋರಿ ಒತ್ತಡ ಬೀಳುತ್ತಿದೆ ಎಂದು ನನಗೆ ತೋರುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ನಿಮ್ಮೂರಿನ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿಕೊಂಡು ಹೋಗಬೇಕಾಗುತ್ತದಲ್ಲ, ಆ ವೇಗದಲ್ಲಿ ಟಾರ್ಕ್ ಕನ್ವರ್ಟರಿನಲ್ಲಿ ಹುಟ್ಟುವ ಬಿಸಿ ಈ ಸೀಲುಗಳ ಮೇಲೆಯೇ ಬೀಳುತ್ತದೆ.

ಎರಡೂ ಬ್ಯಾಂಡುಗಳನ್ನು ಹೊರಗಿನಿಂದಲೇ ಬಿಗಿಗೊಳಿಸಬಹುದು. ತಿರುಪನ್ನು 10 ಅಡಿ-ಪೌಂಡ್ ಬಲಕ್ಕೆ ಬಿಗಿದು, ಮಧ್ಯದ ಬ್ಯಾಂಡಿಗೆ ಸರಿಯಾಗಿ ಒಂದೂ ಮುಕ್ಕಾಲು ಸುತ್ತು, ಹಿಂಬದಿಯದಕ್ಕೆ ಮೂರು ಸುತ್ತು ಸಡಿಲಿಸಿ ಹೊಸ ಲಾಕ್ ನಟ್ ಹಾಕಬೇಕು. ಆಯಿಲ್ ಸುಟ್ಟಿರದಿದ್ದರೆ ಇಷ್ಟಕ್ಕೇ ನಿಲ್ಲಿಸಿ ಎನ್ನುತ್ತಿದ್ದೆ.

ಬಿಚ್ಚುವ ಕೆಲಸಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೇ ಕಸುಬು ಮಾಡಿಕೊಂಡವರು ಬೇಕೆಂದೇನಿಲ್ಲ. ಮೈಸೂರಿನ ಬನ್ನಿಮಂಟಪದಲ್ಲಾಗಲಿ ನಿಮ್ಮೂರಿನಲ್ಲಾಗಲಿ, ಅಳತೆಗೆ ಬೆಲೆ ಕೊಡುವ, ಫೋರ್ಡಿನ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಲು ಒಪ್ಪುವ ಮೇಸ್ತ್ರಿ ಸಾಕು. ಸೀಲು, ಪ್ಲೇಟುಗಳ ಕಿಟ್ ತರಿಸುವ ಮುನ್ನ, ಬ್ಯಾಂಡನ್ನು ಬಿಗಿಸುವ ಸರ್ವೋದ ಮುಚ್ಚಳದ ಬೋಲ್ಟಿನಲ್ಲಿ ಸಿಕ್ಕಿಸಿರುವ ತಗಡಿನ ಪಟ್ಟಿಯ ಸಂಖ್ಯೆಯನ್ನು ಬರೆದುಕೊಳ್ಳಿ. 1967ರಿಂದ ವಾಲ್ವ್ ಬಾಡಿ (ಆಯಿಲನ್ನು ಬೇಕಾದ ದಾರಿಗೆ ತಿರುಗಿಸುವ ಭಾಗ) ಬೇರೆ, 1970ರಿಂದ ಇನ್‌ಪುಟ್ ಶಾಫ್ಟಿನ ಹಲ್ಲುಗಳ ಲೆಕ್ಕ ಬೇರೆ. ‘ಸಿ-4’ ಎಂದಷ್ಟೇ ಹೇಳಿದರೆ ಬರುವ ಸಾಮಾನು ನಿಮ್ಮದಕ್ಕೆ ಕೂರದೆ ಹೋಗಬಹುದು.

ಕೆಲಸದ ಜಾಗದಲ್ಲಿ ಬನಿಯನ್ ವೇಸ್ಟನ್ನು ಹತ್ತಿರಕ್ಕೂ ಬಿಡಬೇಡಿ. ಅದರ ಒಂದು ನೂಲೆಳೆ ವಾಲ್ವ್ ಬಾಡಿಯೊಳಗೆ ಸೇರಿದರೂ ವಾಲ್ವ್ ಸಿಕ್ಕಿಕೊಳ್ಳುತ್ತದೆ. ವಾಷರುಗಳನ್ನು ಜಾಗದಲ್ಲಿ ನಿಲ್ಲಿಸಲು ಗ್ರೀಸ್ ಬೇಡ, ವ್ಯಾಸಲಿನ್ ಹಚ್ಚಿ. ವ್ಯಾಸಲಿನ್ ಬಿಸಿ ಆಯಿಲಿನಲ್ಲಿ ಕರಗುತ್ತದೆ, ಗ್ರೀಸ್ ಕರಗದೆ ದಾರಿ ಕಟ್ಟುತ್ತದೆ. ಹೊಸ ಕ್ಲಚ್ ಪ್ಲೇಟುಗಳನ್ನು ಕನಿಷ್ಠ ಒಂದು ಗಂಟೆ ಆಯಿಲಿನಲ್ಲಿ ನೆನೆಸಿ, ಜೋಡಿಸಿದ ಮೇಲೆ ಫೀಲರ್ ಗೇಜಿನಿಂದ ಸಂದನ್ನು ಅಳೆದು, ಕೈಪಿಡಿಯ ಮಿತಿಗೆ ಬರುವಂತೆ ಸ್ನ್ಯಾಪ್ ರಿಂಗಿನ ದಪ್ಪವನ್ನು ಆರಿಸಬೇಕು. ವಾಲ್ವ್ ಬಾಡಿ ಕೂರಿಸುವ ಮುನ್ನ ನೀರಿಲ್ಲದ ಒಣ ಗಾಳಿಯನ್ನು ಕಂಪ್ರೆಸರಿನಿಂದ ಒಂದೊಂದೇ ದಾರಿಗೆ ಹಾಯಿಸಿದರೆ ಪಿಸ್ಟನ್ ‘ದಪ್’ ಎಂದು ಕೂರುವ ಸದ್ದು ಕೇಳಬೇಕು. ಬರೀ ಗಾಳಿ ಸೋರುವ ಸದ್ದು ಬಂದರೆ ಸೀಲ್ ಮಡಚಿಕೊಂಡಿದೆ. ರೇಡಿಯೇಟರಿನೊಳಗಿನ ಆಯಿಲ್ ಕೂಲರನ್ನೂ ಅದರ ಪೈಪುಗಳನ್ನೂ ತೊಳೆಯಲು ಮರೆತರೆ ಹಳೆಯ ಗೇರ್‌ಬಾಕ್ಸಿನ ಪುಡಿಯೆಲ್ಲ ಹೊಸ ಪ್ಲೇಟುಗಳ ನಡುವೆ ಬಂದು ಸೇರುತ್ತದೆ.

ಮರಳಿ ಕೂರಿಸುವಾಗ ಟಾರ್ಕ್ ಕನ್ವರ್ಟರಿನ ಬಗ್ಗೆ ಬಹಳ ಎಚ್ಚರ ಬೇಕು. ವರ್ಷಗಳ ಹಿಂದೆ ನನ್ನ ಕಣ್ಣೆದುರೇ ಒಂದು ವರ್ಕ್‌ಶಾಪಿನಲ್ಲಿ ಕನ್ವರ್ಟರ್ ಪೂರ್ತಿ ಒಳಗೆ ಕೂರದಿದ್ದರೂ ಬೋಲ್ಟುಗಳನ್ನು ಬಿಗಿದು ಎಳೆದರು. ಎಂಜಿನ್ ಚಾಲೂ ಮಾಡಿದ ಕ್ಷಣದಲ್ಲಿ ಪಂಪ್ ಒಡೆಯಿತು. ಎರಡು ವಾರಗಳ ಶ್ರಮ ಅಲ್ಲಿಗೆ ಮುಗಿಯಿತು. ಆ ಸದ್ದನ್ನು ನಾನಿನ್ನೂ ಮರೆತಿಲ್ಲ. ಕನ್ವರ್ಟರಿಗೆ ಮೊದಲೇ ಒಂದು ಲೀಟರ್ ಆಯಿಲ್ ಸುರಿದು, ಒಳಕ್ಕೆ ಒತ್ತುತ್ತಾ ತಿರುಗಿಸುತ್ತಾ ಹೋದರೆ ಅದು ಹಂತಹಂತವಾಗಿ ಒಳಗಿಳಿಯುವುದು ಕೈಗೆ ಗೊತ್ತಾಗುತ್ತದೆ: ಟರ್ಬೈನ್ ಶಾಫ್ಟಿಗೆ, ಸ್ಟೇಟರಿಗೆ, ಕೊನೆಗೆ ಪಂಪಿಗೆ. ಗೇರ್‌ಬಾಕ್ಸಿನ ಮುಂಭಾಗದ ಕವಚವಾದ ಬೆಲ್ ಹೌಸಿಂಗನ್ನು ಎಂಜಿನ್ನಿಗೆ ಪೂರ್ತಿ ಬಿಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗುತ್ತಿರಬೇಕು, ಎಂಜಿನ್ ಕಡೆಯ ತೆಳು ತಟ್ಟೆಯಾದ ಫ್ಲೆಕ್ಸ್ ಪ್ಲೇಟಿಗೂ ಅದಕ್ಕೂ ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದು ಉಳಿದಿರಬೇಕು. ಸಂದಿಲ್ಲದಿದ್ದರೆ ಎಲ್ಲವನ್ನೂ ಮತ್ತೆ ಕೆಳಗಿಳಿಸಿ.

ಜೀಪಿನ ಮ್ಯಾನುಯಲ್ ಗೇರ್‌ಬಾಕ್ಸ್ ಹಾಕಬೇಕಾದರೆ ಕ್ಲಚ್ ಪೆಡಲ್, ಫ್ಲೈವೀಲ್, ಬೆಲ್ ಹೌಸಿಂಗ್, ಅಡ್ಡಪಟ್ಟಿ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಅಷ್ಟು ಕತ್ತರಿಸಿ ಬೆಸುಗೆ ಹಾಕಿದ ಕಾರನ್ನು ಮತ್ತೆ ಮೂಲರೂಪಕ್ಕೆ ತರುವುದು ಬಹಳ ಕಷ್ಟ. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಪ್ರತ್ಯೇಕ ನಿಯಮವೇ ಇರುವಾಗ ತಂದೆಯವರ ಕಾರಿಗೆ ಆ ಗತಿ ಬಾರದಿರಲಿ.

ನಿಮ್ಮ ಸ್ನೇಹಿತರ ಸಲಹೆಯಲ್ಲಿ ಅರ್ಥವಿದೆ. ಫೋರ್ಡ್ 1980ರಲ್ಲಿ ತಂದ ನಾಲ್ಕು ಗೇರಿನ ಎಒಡಿ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ನಿಮ್ಮ ಎಂಜಿನ್ನಿಗೆ ಕೂರುತ್ತದೆ. ಹಿಂದಿನ ಆಕ್ಸಲಿನ ಅನುಪಾತ 3.00 ಎಂದಿಟ್ಟುಕೊಂಡರೆ, ಹೆದ್ದಾರಿಯ ಮಿತಿಯಾದ 100 ಕಿಲೋಮೀಟರ್ ವೇಗದಲ್ಲಿ ಈಗ ನಿಮಿಷಕ್ಕೆ ಸುಮಾರು 2,500 ಇರುವ ಎಂಜಿನ್ ಸುತ್ತು 1,700ರ ಆಸುಪಾಸಿಗೆ ಇಳಿಯುತ್ತದೆ. ಆದರೆ 2,500 ಸುತ್ತು ಈ ವಿ-8ಕ್ಕೆ ಆಯಾಸವೇ ಅಲ್ಲ. ಎಒಡಿಗೆ ಥ್ರಾಟಲ್ ಕೇಬಲ್ಲಿನ ಹೊಂದಾಣಿಕೆ ಸ್ವಲ್ಪ ತಪ್ಪಿದರೂ ಒತ್ತಡ ಸಾಲದೆ ಕ್ಲಚ್ ಸುಡುತ್ತದೆ. 1981ರ ನಂತರದ ಎಂಜಿನ್ನಿನ ಫ್ಲೆಕ್ಸ್ ಪ್ಲೇಟ್ ಹಾಕಿಬಿಟ್ಟರೆ ಸಮತೋಲ ಕೆಟ್ಟು ಎಂಜಿನ್ ನಡುಗುತ್ತದೆ. ವಾರವಾರವೂ ಬೆಂಗಳೂರಿಗೆ ಓಡಿಸುವ ಯೋಚನೆ ಇಲ್ಲದಿದ್ದರೆ ಆ ಹಣವನ್ನು ಇರುವ ಗೇರ್‌ಬಾಕ್ಸಿಗೇ ಹಾಕಿ.

ಪ್ರಶ್ನೆ: ನಮ್ಮ ಷೆವರ್ಲೆ ಇಂಪಾಲಾದ ಎರಡು ಗೇರಿನ ಪವರ್‌ಗ್ಲೈಡ್ ಗೇರ್‌ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಲೇ ಇದೆ, ಆದರೆ ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ಎಂಜಿನ್ ಬಿಚ್ಚಿಸಬೇಕೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ದಯವಿಟ್ಟು ಈಗಲೇ ಬಿಚ್ಚಿಸಬೇಡಿ. ಗೇರ್‌ಬಾಕ್ಸಿನ ಪಕ್ಕದಲ್ಲಿರುವ ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಪುಟ್ಟ ಡಬ್ಬಿಯ ಒಳಪೊರೆ ಹರಿದರೆ, ಎಂಜಿನ್ ತನ್ನ ನಿರ್ವಾತದ ಕೊಳವೆಯ ಮೂಲಕ ಗೇರ್‌ಬಾಕ್ಸಿನ ಆಯಿಲನ್ನು ಹೀರಿ ಸುಡುತ್ತದೆ. ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಮಾಡ್ಯುಲೇಟರಿಗೆ ಬರುವ ರಬ್ಬರ್ ಕೊಳವೆಯನ್ನು ಎಳೆದು ನೋಡಿ. ಒಳಗೆ ಕೆಂಪು ಆಯಿಲ್ ಕಂಡರೆ ಮಾಡ್ಯುಲೇಟರನ್ನೂ ಆ ಕೊಳವೆಯನ್ನೂ ಬದಲಿಸಿ, ಆಯಿಲ್ ಮಟ್ಟ ಸರಿಪಡಿಸಿ. ಕೊಳವೆ ಒಣಗಿದ್ದರೆ ಮಾತ್ರ ಎಂಜಿನ್ ಕಡೆ ನೋಡುವುದು.